ಕೆಳಗಿನ ಮನೆಗೆ ಕೇಳಿಸದ ಕುಣಿತ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೊಡುವ ಮೊದಲು ನನ್ನ ಜಾತಿ ಕೇಳಲಿಲ್ಲ, ಊಟದ ಪದ್ಧತಿ ಕೇಳಲಿಲ್ಲ. ನನ್ನನ್ನು ನಡೆಸಿ ನೋಡಿದರು. ತೊಂಬತ್ತರ ದಶಕದ ಕೊನೆಯ ಮಾತು. ಕಗ್ಗದಾಸಪುರದ ಆ ಮನೆಯ ಒಡತಿ ಸುಶೀಲಮ್ಮ ನನ್ನನ್ನು ಮಹಡಿಗೆ ಕಳಿಸಿ, ತಾವು ಕೆಳಗೆ ಫ್ಯಾನ್ ಆರಿಸಿ ಕಿವಿಗೊಟ್ಟು ನಿಂತರು.

"ಆ ಕಡೆಯಿಂದ ಈ ಕಡೆ ನಡೀರಿ... ಇನ್ನೂ ಮೆತ್ತಗೆ. ನಮ್ಮನೆಯೋರಿಗೆ ಫ್ಯಾಕ್ಟ್ರೀಲಿ ನೈಟ್ ಶಿಫ್ಟು. ಹಗಲು ಮಲಗ್ಬೇಕು ನೋಡಿ."

ಮಾಡರ್ನ್ ಡ್ಯಾನ್ಸ್ ಕಲಿಯಲು ಬಂದವಳು ಎಂದಿದ್ದೆ. ಅಷ್ಟು ಕೇಳಿಯೇ ಬೇರೆ ಮನೆಗಳವರು ಬಾಗಿಲು ಹಾಕಿಕೊಂಡಿದ್ದರು. ಸುಶೀಲಮ್ಮ ಮಾತ್ರ, "ಡ್ಯಾನ್ಸ್ ಮಾಡ್ಕೊಳ್ಳಿ, ಸದ್ದು ಬರ್ಬಾರ್ದು ಅಷ್ಟೇ" ಎಂದರು. ಒಪ್ಪಿಕೊಂಡೆ.

ನಾನು ಗದಗ-ಬೆಟಗೇರಿಯ ನೇಕಾರರ ಮನೆಯವಳು. ನಮ್ಮ ಓಣಿಯಲ್ಲಿ ಬೆಳಗಾದರೆ ಮಗ್ಗಗಳ ಖಟಪಟ. ಜನ ಮಾತನಾಡುವುದೇ ಕೂಗಿ. ಅಪ್ಪ ನೇಯುವ ಸದ್ದಿಗೇ ನಾನು ಹಿಂದಿನ ಕೋಣೆಯಲ್ಲಿ ಭರತನಾಟ್ಯದ ಹೆಜ್ಜೆ ತಟ್ಟುತ್ತಿದ್ದೆ. ಎಷ್ಟು ಜೋರಾಗಿ ತಟ್ಟಿದರೂ ಯಾರಿಗೂ ತಲೆನೋವಿರಲಿಲ್ಲ. ಇಲ್ಲಿ ನೆತ್ತಿಯ ಮೇಲೆಯೇ ವಿಮಾನ ಹಾದುಹೋದರೂ ಕೆಳಗಿನ ಮನೆಯ ಯಜಮಾನರಿಗೆ ಎಚ್ಚರವಾಗುತ್ತಿರಲಿಲ್ಲ. ನನ್ನ ಹಿಮ್ಮಡಿ ನೆಲಕ್ಕೆ ತಾಕಿದರೆ ಎದ್ದು ಕೂರುತ್ತಿದ್ದರು!

ನಾನು ಸೇರಿದ ನೃತ್ಯತಂಡದ ತಾಲೀಮಿಗೆ ಹಲಸೂರಿನಲ್ಲಿ ಹಲಗೆಯ ನೆಲದ ಒಂದು ಹಳೆಯ ಸಭಾಂಗಣವಿತ್ತು, ಸಂಜೆ ಮಾತ್ರ ಸಿಗುತ್ತಿತ್ತು. ಹಗಲೆಲ್ಲ ಮನೆಯಲ್ಲೇ ಬೆಕ್ಕಿನ ಹಾಗೆ ಅಭ್ಯಾಸ. ಸುಶೀಲಮ್ಮ ಕೆಟ್ಟವರಲ್ಲ. ಹಬ್ಬ ಬಂದರೆ ಒಬ್ಬಟ್ಟು ಕಳಿಸುತ್ತಿದ್ದರು, ನಮ್ಮ ಹೋಳಿಗೆಗೆ ಇಲ್ಲಿ ಆ ಹೆಸರು. "ನೀನಿರೋದೇ ಗೊತ್ತಾಗಲ್ಲ ಕಣಮ್ಮ" ಎಂದು ಹೊಗಳಿದ ದಿನ ಊರನ್ನೇ ಗೆದ್ದಷ್ಟು ಹಿಗ್ಗಿದೆ.

ಕೆಲವು ವರ್ಷಗಳ ನಂತರ, ನಮಗೆ ಕಲಿಸುತ್ತಿದ್ದ ತೆರೇಸಾ ಮೇಡಂ ನನ್ನದೇ ಒಂದು ನೃತ್ಯ ಸಂಯೋಜಿಸಲು ಬಿಟ್ಟರು. ಮಗ್ಗವನ್ನೇ ಆರಿಸಿಕೊಂಡೆ. ವಾದ್ಯವಿಲ್ಲ, ನಾವು ಒಬ್ಬರ ಹಿಂದೊಬ್ಬರು ಹಲಗೆಯ ಮೇಲೆ ಬೀಳುವ ಸದ್ದೇ ಮಗ್ಗದ ಸದ್ದು. ನನ್ನ ಸರದಿ ಬಂದಾಗಲೆಲ್ಲ ಮಗ್ಗ ನಿಂತುಬಿಡುತ್ತಿತ್ತು.

"ನೀನ್ ಬೀಳ್ತಾ ಇಲ್ಲ ಮಾ, ಇಳೀತಿದೀಯ. ಜಸ್ಟ್ ಬಿದ್ಬಿಡು!"

"ಬೀಳಾಕತ್ತೀನ್ರೀ ಮೇಡಂ."

ಬಿದ್ದೆನೆಂದೇ ಅನ್ನಿಸುತ್ತಿತ್ತು. ಆದರೆ ನೆಲ ಮುಟ್ಟುವ ಗಳಿಗೆಗೆ ಮೈ ತಾನಾಗಿ ಬಿಗಿದುಕೊಳ್ಳುತ್ತಿತ್ತು, ಕೆಳಗೆ ಯಾರೋ ಮಲಗಿದ್ದಾರೆ ಎಂಬಂತೆ. ತಿಂಗಳುಗಟ್ಟಲೆ ಹೆಣಗಿದೆ. ಮೊಣಕಾಲು ಕೆಟ್ಟಿತು, ಸದ್ದು ಬರಲಿಲ್ಲ. ಪ್ರದರ್ಶನದಲ್ಲಿ ನನ್ನ ಜಾಗಕ್ಕೆ ಬೇರೆ ಹುಡುಗಿ ಬಂದಳು, ಮಗ್ಗ ಎಲ್ಲೂ ತಪ್ಪದೆ ನಡೆಯಿತು. ನಾನು ಪರದೆಯ ಪಕ್ಕ ನಿಂತು ಅತ್ತೆ. ಆಮೇಲೆ ಕುಣಿಯಲು ನನ್ನನ್ನು ಯಾರೂ ಕರೆಯಲಿಲ್ಲ. ಈಗಲೂ ಅದೇ ಮಹಡಿಯ ಮನೆಯಲ್ಲಿದ್ದೇನೆ, ಮಾರತ್ತಹಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳಿಗೆ ಸಿನಿಮಾ ಹಾಡಿನ ಹೆಜ್ಜೆ ಹೇಳಿಕೊಡುತ್ತೇನೆ. ನೃತ್ಯಗಾರ್ತಿ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೋದ ತಿಂಗಳು ಬೆಟಗೇರಿಗೆ ಹೋಗಿದ್ದೆ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತಿವೆ. ಅಪ್ಪ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಾನೆ. ಅವ್ವ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಹಿಂದೆ ನಿಂತು ಕರೆದರೆ ಬೆಚ್ಚಿಬಿದ್ದಳು.

"ಯವ್ವಾ! ಮಗ್ಗ ನಿಂತ ಮ್ಯಾಲೆ ಅಂಗಳಕ್ಕ ನಾಯಿ ಬಂದ್ರೂ ನನಗ ಕೇಳಸ್ತೈತಿ. ನೀ ಬಂದದ್ದು ಕೇಳಸಲಿಲ್ಲಲ್ಲ!"

ಮಧ್ಯಾಹ್ನ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಇದ್ದ ಬಲವನ್ನೆಲ್ಲ ಹಾಕಿ ಹೆಜ್ಜೆ ತಟ್ಟಿದೆ. ಬೆವರು ಇಳಿಯುವವರೆಗೆ ತಟ್ಟಿದೆ.

ಹೊರಗಿನಿಂದ ಅವ್ವ ಕೇಳಿದಳು, "ಮಲಗೀಯೇನು?"

"ಹೂಂ" ಎಂದೆ.

ಬೆಂಗಳೂರಿಗೆ ಮರಳಿದ ಮಾರನೆಯ ದಿನ ಸುಶೀಲಮ್ಮ ಮೆಟ್ಟಿಲ ಬಳಿ ಸಿಕ್ಕರು. "ಅಯ್ಯೋ, ಊರಿಂದ ಯಾವಾಗ್ ಬಂದೆ? ಗೊತ್ತೇ ಆಗ್ಲಿಲ್ವಲ್ಲ!" ಎಂದವರು ಖುಷಿಯಿಂದ ಸುದ್ದಿ ಹೇಳಿದರು. "ನಮ್ಮನೆಯೋರು ರಿಟೈರ್ ಆದ್ರು ಕಣಮ್ಮ. ಇನ್ಮೇಲೆ ಹಗಲು ಯಾರೂ ಮಲಗಲ್ಲ. ಧಾರಾಳವಾಗಿ ಕುಣ್ಕೋ."

ಆಗಲಿ ಎಂದೆ. ಮೆಟ್ಟಿಲು ಹತ್ತಿ ಒಳಗೆ ಹೋದೆ. ನಾನು ಮೇಲೆ ತಲುಪಿದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ.