ವೃಷಭ ಮಾಸ್ತರರ ಒಂದು ಹೌದು

ಜಮಖಂಡಿಯ ವೃಷಭ ಮಾಸ್ತರರಿಗೆ ಕೆಲವು ದಿನಗಳಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸಾಲೆಯಲ್ಲಿ ಚಿತ್ರಕಲೆ ಕಲಿಸುವ ಮನುಷ್ಯ, ಕರಿಹಲಗೆಯ ಮೇಲೆ ಒಂದೇ ಎಳೆತಕ್ಕೆ ದುಂಡು ತೆಗೆಯುವವರು, ಈಗ ಅದೇ ದುಂಡನ್ನು ಮೂರು ಮೂರು ಸಲ ಒರೆಸಿ ತೆಗೆಯುತ್ತಿದ್ದರು. ಎಲ್ಲಾ ಆ ಪರಮಾನಂದನ ಕಿತಾಪತಿ.

ಪರಮಾನಂದ ಬನಹಟ್ಟಿಯ ನೂಲಿನ ವ್ಯಾಪಾರಿ, ಮಾಸ್ತರರ ಚಿಕ್ಕಂದಿನ ಗೆಳೆಯ. ಅವನೊಂದು ಫ್ರೀಮೇಸನ್ ಸಂಘ ಸೇರಿದ್ದ. ಕಲ್ಲು ಕಟ್ಟುವವರ ಕೈವಾರ, ಮೂಲೆಮಟ್ಟಗಳನ್ನೇ ತಮ್ಮ ಗುರುತು ಮಾಡಿಕೊಂಡವರ ಸಂಘ ಅದು. ಹೊಸಬನನ್ನು ಕಣ್ಣು ಕಟ್ಟಿ ಒಳಗೆ ಕರೆದೊಯ್ದು, ಆಮೇಲೆ ಬಿಚ್ಚಿ ಬೆಳಕು ತೋರಿಸುತ್ತಾರಂತೆ. ಕ್ರೈಸ್ತರ ಸೃಷ್ಟಿಕಥೆಯಲ್ಲೂ ಮೊದಲು ಕತ್ತಲೆ, ಆಮೇಲೆ ಬೆಳಕು. ನಮ್ಮ ವಿಶ್ವಕರ್ಮನ ಕೈಯಲ್ಲೂ ಅಳತೆಗೋಲು. ಎಲ್ಲರೂ ಹೇಳುವುದು ಒಂದೇ, ಯಾರೋ ಒಬ್ಬ ಅಳೆದು ಕಟ್ಟಿದ್ದಾನೆ ಎಂದು ಪರಮಾನಂದ ಕಿವಿಯಲ್ಲಿ ಊದಿದ್ದ. ಮಾಸ್ತರರು ಮರುಳಾಗಿಬಿಟ್ಟರು. ಹೆಂಡತಿ ತೀರಿಕೊಂಡ ಮೇಲೆ ಅವರ ಜೊತೆ ಕೂತು ಇಂಥ ಮಾತಾಡಿದವರು ಯಾರಿದ್ದರು? ಆ ಸಂಘ ಅವರಿಗೆ ಬೇಕೇ ಬೇಕಾಗಿತ್ತು.

ತೊಡಕು ಇದ್ದದ್ದು ಇಲ್ಲಿ. ಸೇರುವವನು ಜಗತ್ತನ್ನು ಮಾಡಿದ ದೇವರೊಬ್ಬನನ್ನು ನಂಬಬೇಕು. ಮಾಸ್ತರರೋ ಜೈನರು. ಲೋಕವನ್ನು ಯಾರೂ ಮಾಡಿಲ್ಲ, ಅದು ಯಾವಾಗಲೂ ಇತ್ತು, ಯಾವಾಗಲೂ ಇರುತ್ತದೆ ಎಂದು ತಾಯಿ ಪದ್ಮವ್ವ ಮಡಿಲಲ್ಲಿ ಕೂರಿಸಿಕೊಂಡು ಕಲಿಸಿದ್ದಳು.

"ಹೌದು ಅಂದಬಿಡು. ನಿನ್ನ ಎದಿ ಸೀಳಿ ಯಾರೂ ನೋಡಂಗಿಲ್ಲ" ಎಂದು ಪರಮಾನಂದ ಹಗುರವಾಗಿ ಹೇಳಿದ್ದ. ಹೇಳುವವನಿಗೇನು!

ಭಾನುವಾರ ಅವನು ಸಂಘದ ಹಿರಿಯರೊಬ್ಬರನ್ನು ಮನೆಗೇ ಕರೆತಂದ. ಸೇರಿಸಿಕೊಳ್ಳುವ ಮೊದಲು ಮನೆಗೆ ಬಂದು, ಮನೆಯವರ ಎದುರೇ ಕೇಳುವುದು ಅವರ ಪದ್ಧತಿ. ಪದ್ಮವ್ವ ಜೈನರ ರೂಢಿಯಂತೆ ಉಳ್ಳಾಗಡ್ಡಿ ಹಾಕದ ಅವಲಕ್ಕಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಹಿರಿಯರು ಆ ಪ್ರಶ್ನೆಯನ್ನು ಕೇಳಿಯೇಬಿಟ್ಟರು. ಮಾಸ್ತರರು ಎದ್ದರು, ಫ್ಯಾನು ಜೋರು ಮಾಡಿದರು, ಮತ್ತೆ ಕೂತರು. ಕಡೆಗೆ, "ಹೌದ್ರಿ, ನಂಬ್ತೇನಿ" ಎಂದರು. ಹಿರಿಯರು ಸಂತೋಷದಿಂದ ಕೈಕುಲುಕಿ, ಪರಮಾನಂದನ ಜೊತೆ ಕಾರು ಹತ್ತಿ ಹೊರಟರು.

ಈಗ ಬೈಗುಳ ಬೀಳುತ್ತದೆಂದು ಮಾಸ್ತರರು ತಲೆ ತಗ್ಗಿಸಿ ಕೂತರು. ಪದ್ಮವ್ವ ಬೈಯಲಿಲ್ಲ. ತಟ್ಟೆಗಳನ್ನು ಎತ್ತಿಕೊಳ್ಳುತ್ತ, "ನಿನ್ನ ನಂಬಿಕಿ ಬದಲಾಗಿದ್ರ ನಾ ಏನೂ ಅನ್ನಂಗಿಲ್ಲಪ್ಪ. ಬದಲಾಗೇತೇನ?" ಎಂದು ಕೇಳಿದಳು.

ಮಾಸ್ತರರು ಬರಿಗಾಲಲ್ಲೇ ಓಡಿದರು. ಓಣಿಯ ತಿರುವಿನಲ್ಲಿ ಆ ಕಾರನ್ನು ತಡೆದು ಗಾಜು ಬಡಿದರು.

"ನಾ ಸುಳ್ಳ ಹೇಳೀನ್ರಿ. ಜಗತ್ತ ಮಾಡಿದಾಂವ ಒಬ್ಬ ಅದಾನಂತ ನಾ ನಂಬಂಗಿಲ್ಲ."

ಪರಮಾನಂದ ಹಣೆ ಬಡಿದುಕೊಂಡ. ಹಿರಿಯರು ಕಿಟಕಿಯಿಂದ ಕೈ ಚಾಚಿ ಮಾಸ್ತರರ ಕೈ ಹಿಡಿದರು.

"ಹಂಗಾದ್ರ ನಿಮ್ಮನ್ನ ತಗೊಳ್ಳಾಕ ಬರಂಗಿಲ್ರಿ ಮಾಸ್ತರ. ನಿಮ್ಮಂಥವರನ್ನ ಬಿಟ್ಟ ಹೋಗಾಕ ನನಗ ಭಾಳ ಕೆಟ್ಟ ಅನಸಾಕತ್ತೇತಿ" ಎಂದರು.

ಕಾರು ಹೋಯಿತು. ಓಣಿಯ ಜನ ನೋಡುತ್ತಿದ್ದರೂ ಮಾಸ್ತರರಿಗೆ ತಡೆಯಲಾಗಲಿಲ್ಲ. ನಿಂತಲ್ಲೇ ಅತ್ತುಬಿಟ್ಟರು.