ನಾನು ಅಳಿಸಿಹಾಕಿದ 1600

ಮೂರು ವರ್ಷದ ಹಿಂದೆ ಮಧುಗಿರಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಳ್ಳೆಯ ಹೆಸರಿತ್ತು. ಓದಿದ್ದು ಏಳನೇ ತರಗತಿ. ಕೆಲಸ ಕೈಯಿಂದ ಕಲಿತದ್ದು. ಕೆಟ್ಟ ಬೋರ್ಡನ್ನು ಎಬ್ಬಿಸುತ್ತೇನೆಂಬ ಧೈರ್ಯ ಈಗಲೂ ಇದೆ. ಡಿಪ್ಲೊಮಾ ಮುಗಿಸಿದ ತಂಗಿ ಸವಿತಾ ನನ್ನ ಜೊತೆ ದುಡಿಯುತ್ತಿದ್ದಳು.

ಶಿರಾದಲ್ಲಿ ಫೋಟೊ ಸ್ಟುಡಿಯೊ ನಡೆಸುವ ಮಹಬೂಬ್ ಸಾಬರ ಕಂಪ್ಯೂಟರಿಗೆ ಅವಳು ಹೊಸ ರ‍್ಯಾಮ್ ಹಾಕಿದ್ದಳು. ಮದುವೆ ಆಲ್ಬಮ್ಮಿನ ಕೆಲಸ ಬೇಗ ಸಾಗಲು ಈ ಮೆಮೊರಿ ಬೇಕು. ವಾರದೊಳಗೆ ಸಾಬರು ಸಿಪಿಯು ಹೊತ್ತು ತಂದರು.

"ಏನ್ ಭಾಯ್, ಪ್ಯಾಕೆಟ್ ಮ್ಯಾಲೆ 3200 ಐತೆ. ಸ್ಪೀಡ್ ಅಳೆಯೋ ಸಾಫ್ಟ್‌ವೇರ್ 1600 ಅಂತೈತೆ. ಇನ್ನರ್ಧ ಯಾರು ತಿಂದ್ರು?"

ಅಂಗಡಿಯಲ್ಲಿ ಇನ್ನೂ ನಾಲ್ಕು ಜನರಿದ್ದರು. ಉತ್ತರ ನನಗೆ ಗೊತ್ತಿರಲಿಲ್ಲ. ಹಾಗೆನ್ನಲು ನಾಚಿ ತಂಗಿಯ ಕಡೆ ತಿರುಗಿದೆ.

"ಹಳೇದು ಹಾಕ್ಬುಟ್ಟಿದ್ದೀಯ ಕಣಮ್ಮ!"

"ಇಲ್ಲ ಕಣಣ್ಣ, ಅದನ್ನ ಎರಡರಿಂದ ಗುಣಿಸ್ಬೇಕು."

"ನಂಗೇ ಮಗ್ಗಿ ಹೇಳ್ಕೊಡ್ತೀಯಾ? ಸುಮ್ಕಿರು."

ಸೀಲ್ ಒಡೆಯದ ಇನ್ನೊಂದು 3200 ರ‍್ಯಾಮ್ ತೆಗೆದು ನಾನೇ ಹಾಕಿದೆ. ಮತ್ತೆ 1600. ಅದು ಕಂಡದ್ದು ನನಗೂ ಸವಿತಾಗೂ ಮಾತ್ರ. ತಟ್ಟನೆ ಆ ಸಾಫ್ಟ್‌ವೇರನ್ನೇ ಅಳಿಸಿಹಾಕಿದೆ. "ಸರಿಹೋಯ್ತು ಸಾಬ್ರೆ. ಆ ಅಳೆಯೋ ಸಾಫ್ಟ್‌ವೇರ್ ಇಟ್ಕಬ್ಯಾಡಿ, ವೈರಸ್ ಬರ್ತೈತೆ" ಎಂದೆ.

ಸವಿತಾ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದುಹೋದಳು. ಕೊರಟಗೆರೆಯ ಅಂಗಡಿಯೊಂದಕ್ಕೆ ಸೇರಿದಳು. ಹಳೇ ಮಾಲು ಹಾಕುವವಳು ಎಂಬ ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ರಿಪೇರಿ ಕೊಡದೆ ಅವಳನ್ನು ಜೆರಾಕ್ಸ್ ಮೆಷಿನ್ ಮುಂದೆ ನಿಲ್ಲಿಸಿದರು.

ಆಮೇಲೆ ಕೂತು ತಿಳಿದುಕೊಂಡೆ. 1600 ಎಂಬುದು ರ‍್ಯಾಮಿನೊಳಗಿನ ಗಡಿಯಾರದ ಮಿಡಿತ, ಸೆಕೆಂಡಿಗೆ ಅಷ್ಟು ದಶಲಕ್ಷ. ಒಂದೊಂದು ಮಿಡಿತಕ್ಕೂ ಮಾಹಿತಿ ಎರಡು ಸಲ ಸಾಗುತ್ತದೆ. ಪ್ಯಾಕೆಟ್ಟಿನವರು ಆ ಸಾಗಣೆಯನ್ನು ಎಣಿಸಿ 3200 ಎಂದು ಅಚ್ಚು ಹಾಕುತ್ತಾರೆ. ಎರಡೂ ನಿಜ. ತಂಗಿ ಹೇಳಿದ್ದೂ ಅದನ್ನೇ. ಇಷ್ಟು ತಿಳಿದ ಮೇಲೂ ಎಂಟು ತಿಂಗಳು ಬಾಯಿ ಬಿಡಲಿಲ್ಲ.

ಕೊನೆಗೆ, ಅವಳು ಹಾಕಿದ್ದ ರ‍್ಯಾಮ್ ಹಿಡಿದು ಶಿರಾಕ್ಕೆ ಹೋದೆ. ಸಾಬರ ಮುಂದೆ ಆ ಸಾಫ್ಟ್‌ವೇರನ್ನು ಮತ್ತೆ ತುಂಬಿ, ಅವಳದನ್ನೂ ನಾನು ಹಾಕಿದ್ದನ್ನೂ ಒಂದಾದಮೇಲೊಂದು ಜೋಡಿಸಿ ಅಳೆದು ತೋರಿಸಿದೆ. ಎರಡಕ್ಕೂ 1600. ನಾನು ಮುಚ್ಚಿಟ್ಟದ್ದನ್ನೂ ಹೇಳಿದೆ.

ಸಾಬರು ನಗಲಿಲ್ಲ. "ನನ್ ಮುಂದೆ ಹೇಳಿದ್ರೆ ಏನ್ ಬಂತು ಭಾಯ್? ಕೊರಟಗೆರೆಗೆ ನಡಿ."

ಸಿಪಿಯು ಎತ್ತಿಕೊಂಡು ಅವರೂ ಜೊತೆಗೆ ಬಂದರು. ಅಲ್ಲಿ ಗಿರಾಕಿಗಳ ಎದುರಿಗೇ, ಮಾಲೀಕರಿಗೆ ಕೇಳುವಂತೆ ಹೇಳಿದೆ: "ನನ್ ತಂಗಿ ಹಾಕಿದ್ದು ಹೊಸದೇ. ಗೊತ್ತಿಲ್ದೆ ಇದ್ದೋನು ನಾನು. ಸುಳ್ಳು ಹೇಳಿದ್ದೂ ನಾನೇ."

ಸವಿತಾ ಜೆರಾಕ್ಸ್ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ಎರಡರ ಮಗ್ಗಿ ಕಲಿಯಾಕೆ ಎಂಟು ತಿಂಗಳು ಬೇಕಾಯ್ತೇನಣ್ಣ?"

ಸಾಬರು ತಮ್ಮ ಸಿಪಿಯು ತಂದು ಅವಳ ಮುಂದಿಟ್ಟರು. ಮಾಲೀಕರು ಸ್ಕ್ರೂಡ್ರೈವರ್ ಕೊಟ್ಟರು.

ಅವಳು ಮಧುಗಿರಿಗೆ ಮರಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ. ಈಗ ಯಾರಾದರೂ ಅಂಕಿ ತೋರಿಸಿದರೆ, ಅದು ಏನನ್ನು ಎಣಿಸಿದ್ದೆಂದು ಮೊದಲು ಕೇಳುತ್ತೇನೆ. ಗೊತ್ತಾಗದಿದ್ದರೆ ಎಲ್ಲರ ಎದುರಿಗೇ ಕೊರಟಗೆರೆಗೆ ಫೋನ್ ಮಾಡುತ್ತೇನೆ.