ನಿಲ್ಲಿಸಿ ನೋಡಿ

ಕನ್ನಡಕದಂಗಡಿಯವರು ಎರಡು ಸಲ ನೋಡದೆ ಯಾವ ಸಾಕ್ಷ್ಯಚಿತ್ರವನ್ನೂ ನೋಡಿ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಮೊದಲ ಸಲ ಎಲ್ಲರಂತೆ, ಮಾತು ಕೇಳಿಸಿಕೊಂಡು. ಎರಡನೇ ಸಲ ಸದ್ದು ಪೂರ್ತಿ ಅಡಗಿಸಿ, ಪರದೆಯ ನಡುಭಾಗವನ್ನು ಬಿಟ್ಟು ಅಂಚುಗಳನ್ನಷ್ಟೇ ನೋಡುತ್ತ. ಚಿತ್ರ ತೆಗೆದವರು ನಡುವೆ ಏನು ಇಡಬೇಕೆಂದು ಲೆಕ್ಕ ಹಾಕಿರುತ್ತಾರೆ, ಅಂಚಿಗೆ ಬಂದು ಬೀಳುವುದರ ಮೇಲೆ ಅವರ ಹಿಡಿತವಿರುವುದಿಲ್ಲ, ಅಲ್ಲಿ ಸುಳ್ಳಿದ್ದರೆ ಸಿಕ್ಕಿಬೀಳುತ್ತದೆ ಎಂಬುದು ಅವರ ನಂಬಿಕೆ.

ಸಂಜೆಪತ್ರಿಕೆಯ ಶುಕ್ರವಾರದ ಪುಟದಲ್ಲಿ ಅವರ ಅಂಕಣ ಬರುತ್ತಿತ್ತು. ಚಿತ್ರೋತ್ಸವದಲ್ಲಿ ನೋಡಲು ಒಂದು, ಮನೆಯಲ್ಲಿ ಕೂತು ನೋಡಲು ಒಂದು. ದೀಪಸ್ತಂಭ ಕಾಯುವ ಅಕ್ಕತಂಗಿಯರ ಚಿತ್ರ, ಮುಚ್ಚಿಹೋದ ಗ್ರಂಥಾಲಯವನ್ನು ಮನೆಮನೆಗೆ ಹಂಚಿದವನ ಚಿತ್ರ, ಹೀಗೆ. ಕೊನೆಯ ಸಾಲು ಮಾತ್ರ ಬದಲಾಗುತ್ತಿರಲಿಲ್ಲ: 'ಉತ್ಸವದಲ್ಲಿ ಕಂಡದ್ದನ್ನು ಮನೆಯಲ್ಲಿ ಇನ್ನೊಮ್ಮೆ ನೋಡಿ. ಬೇಕಾದಲ್ಲಿ ನಿಲ್ಲಿಸಿ ನೋಡಿ.' ಕನ್ನಡಕ ಸರಿಮಾಡಿಸಲು ಬಂದವರು ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಣ್ಣು ಪರೀಕ್ಷೆಗಿಂತ ಹೆಚ್ಚು ಹೊತ್ತು ಚಿತ್ರದ ಮಾತಾಡಿ ಹೋಗುತ್ತಿದ್ದರು.

ಆ ವಾರ ಮಾತ್ರ ಅವರು ನೇಮ ತಪ್ಪಿದರು. ಉತ್ಸವದವರು ಪುಟ ಅಚ್ಚಿಗೆ ಹೋಗುವ ದಿನವೇ ಚಿತ್ರ ಕಳಿಸಿದ್ದರು. ಊರಿನ ಹಳೆಯ ಗಾಜಿನ ಕಾರ್ಖಾನೆಯ ಚಿತ್ರ. ಒಲೆಯ ಮುಂದೆ ಕೆಂಪಾದ ಮುಖಗಳು, ಕೊಳವೆಯ ತುದಿಯಲ್ಲಿ ಉಬ್ಬುವ ಗಾಜು, ಮುಷ್ಕರದ ದಿನಗಳನ್ನು ನೆನೆದು ಅಳುವ ಹೆಂಗಸರು. ಒಂದೇ ಸಲ ನೋಡಿ ಅವರು ಬರೆಯಲು ಕೂತರು. 'ಕಾರ್ಖಾನೆಯಲ್ಲಿ ದುಡಿದ ಪ್ರತಿ ಮನೆಯವರೂ ನೋಡಬೇಕು' ಎಂದು ಬರೆದು ಕಳಿಸಿದರು.

ಪತ್ರಿಕೆ ಬಂದ ಮರುದಿನ ಬೆಳಿಗ್ಗೆ, ಮನಸ್ಸಿನ ಸಮಾಧಾನಕ್ಕೆಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಸದ್ದಿಲ್ಲದೆ ಎರಡನೇ ಸಲ ನೋಡಲು ಕೂತರು. ಅರ್ಧಕ್ಕೆ ಬಂದಾಗ ಚಿತ್ರವನ್ನು ನಿಲ್ಲಿಸಿದರು.

ಯಾರೋ ಮಹಡಿಯ ಕಿಟಕಿಯಿಂದ ಸಣ್ಣ ಕ್ಯಾಮೆರಾದಲ್ಲಿ ತೆಗೆದ ಹಳೆಯ ತುಣುಕು ಅದು. ಮುಷ್ಕರದ ನಡುವೆ ಒಂದು ಮುಂಜಾನೆ ಮಾಲು ತುಂಬಿದ ಲಾರಿ ಹಿಂದಿನ ಗೇಟಿನಿಂದ ಹೊರಗೆ ಹೋಗುತ್ತದೆ. ಎಲ್ಲರ ಕಣ್ಣೂ ಲಾರಿಯ ಮೇಲೆ. ಅಂಚಿನಲ್ಲಿ ಒಬ್ಬ ಗೇಟಿನ ಅಗುಳಿ ತೆಗೆದು ನಿಂತಿದ್ದಾನೆ. ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡಿದ್ದಾನೆ. ಒಮ್ಮೆ ಕಿಟಕಿಯ ಕಡೆ ತಿರುಗುತ್ತಾನೆ. ಕಾಣುವುದು ಕನ್ನಡಕ ಮಾತ್ರ. ಒಂದು ಗಾಜು ಹುಬ್ಬಿಗೆ ತಗುಲುವಷ್ಟು ಮೇಲೆ, ಇನ್ನೊಂದು ಕೆನ್ನೆಗೆ ಇಳಿದು.

ಹಾಗೆ ಓರೆಯಾಗಿ ಕೂರುವ ಕನ್ನಡಕವನ್ನು ಅವರು ಮದುವೆಯಾದಂದಿನಿಂದ ಸರಿಮಾಡುತ್ತ ಬಂದಿದ್ದರು. ಅವರ ಮಾವನವರಿಗೆ ಒಂದು ಕಿವಿ ಇನ್ನೊಂದಕ್ಕಿಂತ ಮೇಲೆ. ಎಷ್ಟು ಬಗ್ಗಿಸಿ ಕೊಟ್ಟರೂ ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ವಾಲುತ್ತಿತ್ತು. ಅದಕ್ಕೇ ಕಾರ್ಖಾನೆಯ ಗೆಳೆಯರು ಅವರಿಗೆ 'ತಕ್ಕಡಿ' ಎಂದು ಹೆಸರಿಟ್ಟಿದ್ದು.

ಆ ಲಾರಿ ಹೋದ ವಾರದಲ್ಲೇ ಮುಷ್ಕರ ಮುರಿದಿತ್ತು. ಗೇಟು ತೆಗೆದವರನ್ನು ಯಾರೂ ಕಂಡಿರಲಿಲ್ಲ. ಆ ಗೇಟು ಕಾಯುವ ಕೆಲಸ ಕಾರ್ಖಾನೆಯ ಕಾವಲುಗಾರನದು, ಹಾಗಾಗಿ ಅವನೇ ಎಂದು ತೀರ್ಮಾನವಾಯಿತು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ಅಂದಿನಿಂದ ಆ ಬೀದಿಯ ಯಾವ ಮದುವೆಗೂ ಕಾವಲುಗಾರನನ್ನು ಕರೆಯಲಿಲ್ಲ. ಕ್ಷೌರದಂಗಡಿಯಲ್ಲಿ ಅವನ ಸರದಿ ಯಾವಾಗಲೂ ಕೊನೆಗೆ. ಮಾವನವರಂತೂ ಅಂದು ಜ್ವರ ಬಂದ ಮಗಳ ಪಕ್ಕ ಕೂತಿದ್ದೆನೆಂದೇ ಹೇಳುತ್ತಿದ್ದರು. ಆ ಮಗಳೇ ಕನ್ನಡಕದಂಗಡಿಯವರ ಹೆಂಡತಿ.

ಅಂಗಡಿ ತೆರೆಯದೆ ಅವರು ನೇರ ಮಾವನ ಮನೆಗೆ ನಡೆದರು. ಮುಂದಿನ ಕೋಣೆಯಲ್ಲಿ ಗೆಳೆಯರ ಗುಂಪು ಆಗಲೇ ಸೇರಿತ್ತು. ಟೀಪಾಯಿಯ ಮೇಲೆ ಅವರದೇ ಅಂಕಣದ ಪುಟ.

"ಬನ್ನಿ ಬನ್ನಿ, ನಮ್ಮನ್ನೆಲ್ಲ ಹೀರೋ ಮಾಡಿದವರು ಬಂದ್ರು," ಎಂದ ಗುಂಪಿನ ಹಿರಿಯ. ಒಂದು ಕಾಲದಲ್ಲಿ ಗಾಜು ಊದುತ್ತಿದ್ದವನು, ಈಗ ಮಾತು ಊದುತ್ತಾನೆಂದು ಎಲ್ಲರೂ ಅವನನ್ನು 'ಊದುಗೊಳವೆ' ಎನ್ನುತ್ತಿದ್ದರು. "ನಾಳೆ ಉತ್ಸವದಲ್ಲಿ ಎಲ್ರೂ ಒಂದೇ ಸಾಲಲ್ಲಿ ಕೂರ್ತೀವಿ."

"ಚಿತ್ರ ಸ್ವಲ್ಪ ಉದ್ದ ಇದೆ, ಮಾವ. ಅಷ್ಟು ಹೊತ್ತು ಕೂರೋದು ನಿಮಗೆ ಕಷ್ಟ ಆಗ್ಬಹುದು."

"ಒಲೆ ಮುಂದೆ ನಿಂತು ಬೆಂದವರಿಗೆ ಕುರ್ಚಿ ಮೇಲೆ ಕೂರೋದು ಕಷ್ಟವೇನ್ರೀ?" ಎಂದ ಊದುಗೊಳವೆ. ಎಲ್ಲರೂ ನಕ್ಕರು. ಮಾವನವರೂ ನಕ್ಕರು. ಆದರೆ ಅವರ ಕಣ್ಣು ಅಳಿಯನ ಮುಖದ ಮೇಲೇ ಇತ್ತು.

ಮನೆಗೆ ಬಂದರೆ ಹೆಂಡತಿ ನಾಳೆಗೆಂದು ಅಪ್ಪನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು.

"ಈ ಸಲ ಎರಡು ಸಾರಿ ನೋಡಿದ್ರಾ? ಅವಸರದಲ್ಲಿ ಬರೆದ ಹಾಗಿತ್ತು."

"ಇವತ್ತು ನೋಡ್ದೆ."

"ಏನಾದ್ರೂ ತಪ್ಪು ಇತ್ತಾ?"

"ಚಿತ್ರದಲ್ಲಿ ತಪ್ಪಿಲ್ಲ," ಎಂದರು. ಅದು ನಿಜವೇ ಆಗಿತ್ತು. ಅವಳ ಇಸ್ತ್ರಿ ಪೆಟ್ಟಿಗೆ ಒಂದೇ ಕಡೆ ತುಸು ಹೆಚ್ಚು ಹೊತ್ತು ನಿಂತಿತು.

ಭಾನುವಾರ ಸಂಜೆ ಚಿತ್ರಮಂದಿರ ತುಂಬಿತ್ತು. ಕಾವಲುಗಾರನೂ ಬಂದಿದ್ದ. ಅವನು ಕೂತ ಸಾಲಿನಲ್ಲಿ ಅವನ ಅಕ್ಕಪಕ್ಕದ ಕುರ್ಚಿಗಳಷ್ಟೇ ಖಾಲಿ. ಕನ್ನಡಕದಂಗಡಿಯವರು ಮಾವನ ಹಿಂದಿನ ಸಾಲಿನಲ್ಲಿ ಕೂತು, ಚಿತ್ರ ಬಿಟ್ಟು ಅವರ ಕತ್ತನ್ನೇ ನೋಡುತ್ತಿದ್ದರು. ಗೇಟಿನ ತುಣುಕು ಹತ್ತಿರವಾಯಿತು. ಲಾರಿ ಬಂತು. ಅಂಚಿನಲ್ಲಿ ಆ ಮನುಷ್ಯ ತಿರುಗಿದ. ಲಾರಿ ಹೋಯಿತು.

ಯಾರೂ ಗಮನಿಸಲಿಲ್ಲ. ಒಬ್ಬೊಬ್ಬರೂ ತಂತಮ್ಮ ಮುಖ ಹುಡುಕುವುದರಲ್ಲೇ ಮುಳುಗಿದ್ದರು. "ನೋಡಿದ್ರೇನ್ರೋ, ಆಗ್ಲೇ ಮೂಲೇಲಿ ಬಂದದ್ದು ನನ್ನ ಮೊಣಕೈ," ಎಂದು ಊದುಗೊಳವೆ ಕತ್ತಲಲ್ಲಿ ಪಿಸುಗುಟ್ಟಿದ. ಮಾವನವರ ಕತ್ತು ಮಾತ್ರ ಅಲ್ಲಾಡಲಿಲ್ಲ.

ಗಂಡಾಂತರ ತಪ್ಪಿತೆಂದು ಕನ್ನಡಕದಂಗಡಿಯವರು ಅಂದುಕೊಂಡದ್ದು ಮರುದಿನದವರೆಗೆ ಮಾತ್ರ. ಪತ್ರಿಕೆಯಿಂದ ಫೋನ್ ಬಂತು. ಗಾಜಿನ ಕಾರ್ಖಾನೆಯ ಚಿತ್ರ ಈ ಶುಕ್ರವಾರದಿಂದ ಮನೆಯಲ್ಲೂ ನೋಡಲು ಸಿಗುತ್ತದೆ, ಅಂಕಣದಲ್ಲಿ ಅದನ್ನೇ ಹಾಕಿ, ಜನ ಕೇಳುತ್ತಿದ್ದಾರೆ ಎಂದರು ಸಂಪಾದಕರು.

ಉತ್ಸವದ ಪರದೆಯ ಮೇಲೆ ಕ್ಷಣದಲ್ಲಿ ಸರಿದುಹೋದದ್ದನ್ನು ಮನೆಯಲ್ಲಿ ಯಾರು ಬೇಕಾದರೂ ನಿಲ್ಲಿಸಬಹುದು. ನಿಲ್ಲಿಸಿ ನೋಡಿ ಎಂದು ಊರಿಗೆಲ್ಲ ಕಲಿಸಿದವರು ಅವರೇ. ಬರೆಯದೆ ಬಿಟ್ಟರೆ ಸಂಪಾದಕರಿಗೆ ಏನಾದರೂ ಸಬೂಬು ಹೇಳಬಹುದು. ಕಾವಲುಗಾರ ಬೀದಿಯಲ್ಲಿ ಎದುರಾದಾಗ ಕಣ್ಣು ಎಲ್ಲಿಡುವುದು? ಬರೆದರೆ ಮಾವನ ಮುಂದೆ ಊಟಕ್ಕೆ ಕೂರುವುದು ಹೇಗೆ? ಹಾವೂ ಸಾಯದೆ ಕೋಲೂ ಮುರಿಯದ ದಾರಿ ಅವರಿಗೆ ಹೊಳೆಯಲಿಲ್ಲ.

ಬುಧವಾರ ಮಾವನವರೇ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದುಕೊಟ್ಟರು.

"ಮತ್ತೆ ವಾಲಿದೆ, ಅಳಿಯಂದ್ರೆ."

ಅವರು ಕಡ್ಡಿಯನ್ನು ಬಿಸಿ ಮಾಡಿ, ಬಗ್ಗಿಸಿ, ಮಾವನ ಮುಖಕ್ಕೆ ಇಟ್ಟು ನೋಡಿದರು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಸೇರಿದವು.

"ಎರಡನೇ ಸಲ ನೋಡಿದ್ರಿ, ಅಲ್ವಾ?"

"ನೋಡ್ದೆ, ಮಾವ."

"ಅಂಚು?"

"ಅಂಚನ್ನೇ."

ಮಾವನವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಮಗಳಿಗೆ ಜ್ವರ ಇತ್ತು ಅನ್ನೋದು ನಿಜ. ಔಷಧದ ದುಡ್ಡಿಗೋಸ್ಕರ ಮಾಡ್ದೆ ಅಂದ್ರೆ ಜನ ಒಪ್ಪಿಕೊಳ್ತಾರೇನೋ. ಆದ್ರೆ ಅದಕ್ಕಲ್ಲ. ಗೇಟು ತೆಗೀದಿದ್ರೆ ಕೆಲಸದಿಂದ ತೆಗೀತೀವಿ ಅಂದ್ರು ಮಾಲೀಕರು, ಹೆದರಿದೆ. ಅಷ್ಟೇ."

ಅಳಿಯ ಕಡ್ಡಿ ಹಿಡಿದೇ ನಿಂತಿದ್ದರು. "ಈ ವಾರ ಬೇರೆ ಚಿತ್ರ ಹಾಕ್ತೀನಿ."

"ಚಿತ್ರ ಚೆನ್ನಾಗಿದೆಯೋ ಇಲ್ವೋ?"

"ಚೆನ್ನಾಗಿದೆ."

"ಹಾಗಿದ್ರೆ ಬರೀರಿ. ನನ್ನ ಸಲುವಾಗಿ ನೀವೂ ಒಂದು ಗೇಟು ತೆಗೀಬೇಡಿ." ಅವರು ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ಭಾನುವಾರ ಎಲ್ರನ್ನೂ ಮನೆಗೆ ಕರೀತೀನಿ. ಮಗಳನ್ನೂ ಕರ್ಕೊಂಡು ಬನ್ನಿ."

ಅಂಕಣ ಶುಕ್ರವಾರ ಬಂತು, ಕೊನೆಯ ಸಾಲಿನ ಸಮೇತ.

ಭಾನುವಾರ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಕುರ್ಚಿ ಸಾಲದೆ ಚಾಪೆ ಹಾಸಿದ್ದರು. ಮಗಳು, ಅಳಿಯ ಸೇರಿ ಎಲ್ಲರೂ ಕೂತ ಮೇಲೆ ಬಾಗಿಲಲ್ಲಿ ಕಾವಲುಗಾರ ಕಾಣಿಸಿಕೊಂಡ.

"ಇವನನ್ನ ಯಾರು ಕರೆದ್ರು?" ಎಂದ ಊದುಗೊಳವೆ.

"ನಾನು ಕರೆದೆ. ಮುಂದೆ ಬಂದು ಕೂತ್ಕೊಳಪ್ಪ," ಎಂದು ಮಾವನವರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ರಿಮೋಟು ಹಿಡಿದು ಟೀವಿಯ ಪಕ್ಕ ನಿಂತರು.

ಚಿತ್ರ ಶುರುವಾಯಿತು. ಊದುಗೊಳವೆಗೆ ಮಾತ್ರ ತಡೆಯಲಾಗಲಿಲ್ಲ. "ಲೋ ತಕ್ಕಡಿ, ನನ್ನ ಮೊಣಕೈ ಬರೋ ಕಡೆ ನಿಲ್ಸೋ. ನನ್ನ ಹೆಂಡತಿ ನಂಬ್ತಾ ಇಲ್ಲ."

ಮೊಣಕೈ ಬಂತು. ಮಾವನವರು ನಿಲ್ಲಿಸಲಿಲ್ಲ. ಗೇಟು ಬಂತು. ಲಾರಿ ಬಂತು. ಅಂಚಿನ ಮನುಷ್ಯ ತಿರುಗಿದ. ಅವರು ಒತ್ತಿದರು. ಚಿತ್ರ ನಿಂತಿತು.

"ಇದೇನು, ಇಲ್ಲಿ ಯಾಕೆ..." ಎಂದ ಊದುಗೊಳವೆ. ಅವನು ಟೀವಿಯನ್ನೂ ಅದರ ಪಕ್ಕ ನಿಂತ ಮುಖವನ್ನೂ ನೋಡಿದ. ಎರಡರಲ್ಲೂ ಕನ್ನಡಕ ಒಂದೇ ಕಡೆಗೆ ವಾಲಿತ್ತು. ಬುಧವಾರ ಸರಿಮಾಡಿಸಿದ್ದನ್ನು ಮಾವನವರು ತಾವೇ ಬಗ್ಗಿಸಿಕೊಂಡು ಬಂದಿದ್ದರೆಂದು ಅಳಿಯನಿಗೆ ಆಗ ಗೊತ್ತಾಯಿತು.

ಕಾವಲುಗಾರ ಎದ್ದು ಟೀವಿಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿದ. ಆಮೇಲೆ ಮಾವನವರ ಕಡೆ ತಿರುಗಿದ.

"ಲಾರಿ ಹೋದ್ಮೇಲೆ ಅಗುಳಿ ಹಾಕ್ಲಿಲ್ಲ ನೀನು. ನಾನು ಬಂದಾಗ ಗೇಟು ತೆರೆದೇ ಇತ್ತು."

"ಹಾಕ್ಲಿಲ್ಲ. ಕೈ ನಡುಗ್ತಿತ್ತು."

"ಅದು ತೆರೆದಿದ್ದಕ್ಕೇ ನನ್ನ ಮೇಲೆ ಬಂತು."

"ಗೊತ್ತು."

ಊದುಗೊಳವೆ ಎದ್ದ. ಯಾರನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ. ಚಾಪೆ ಖಾಲಿಯಾಯಿತು. ಮಾವನವರು ಯಾರನ್ನೂ ತಡೆಯಲಿಲ್ಲ.

ಕಾವಲುಗಾರ ಮಾತ್ರ ಹೋಗಲಿಲ್ಲ. ಮತ್ತೆ ಅದೇ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಕೈಯಿಟ್ಟುಕೊಂಡ.

"ಮುಂದಕ್ಕೆ ಬಿಡು," ಎಂದ. "ಅವತ್ತು ಅಷ್ಟು ಜನರ ಮಧ್ಯೆ ಕೂತು ನನಗೆ ಚಿತ್ರ ನೋಡೋಕೇ ಆಗ್ಲಿಲ್ಲ."

ಮಾವನವರ ಬೆರಳಿಗೆ ಗುಂಡಿ ಸಿಗಲಿಲ್ಲ. ಮಗಳು ಎದ್ದು ಬಂದು ಅಪ್ಪನ ಕೈಯಿಂದ ರಿಮೋಟು ತೆಗೆದುಕೊಂಡು ಒತ್ತಿದಳು. ಪರದೆಯ ಮೇಲೆ ಲಾರಿ ಮತ್ತೆ ಚಲಿಸಿತು.